ಡಾಕ್ಟರ್‌ಗೆ ಫೋನ್ ಮಾಡುವ ಮೊದಲು: ಬೆಂಗಳೂರಿನಿಂದ ಎನ್‌ಕ್ಲೆಕ್ಸ್‌ಗೆ ತಯಾರಿ

ರೋಗಿಗೆ ರಕ್ತ ಹಾಕಿ ಹತ್ತು ನಿಮಿಷ ಆಗಿದೆ. ಚಳಿ ಅನ್ನುತ್ತಾರೆ. ನಡುಕ ಶುರುವಾಗಿದೆ. ಸೊಂಟ ನೋಯುತ್ತಿದೆ ಅನ್ನುತ್ತಾರೆ. ನೀವು ಮೊದಲು ಏನು ಮಾಡುತ್ತೀರಿ?

ಅಮೆರಿಕದಲ್ಲಿ ನರ್ಸ್ ಲೈಸೆನ್ಸ್‌ಗೆ ಬರೆಯಬೇಕಾದ ಪರೀಕ್ಷೆ ಎನ್‌ಕ್ಲೆಕ್ಸ್. ಅದಕ್ಕೆ ಓದುವಾಗ ನನ್ನ ಮೊದಲ ಮಾಕ್ ಟೆಸ್ಟ್‌ನಲ್ಲಿ ಈ ಪ್ರಶ್ನೆ ಬಂದಾಗ ನಾನು ಒತ್ತಿದ್ದು ‘ಡಾಕ್ಟರ್‌ಗೆ ತಿಳಿಸುವುದು’. ತಪ್ಪು. ಮೊದಲು ರಕ್ತ ನಿಲ್ಲಿಸಬೇಕು. ಆಮೇಲೆ ಹೊಸ ಸೆಟ್ ಹಾಕಿ ನಾರ್ಮಲ್ ಸಲೈನ್ ಬಿಡಬೇಕು. ಡಾಕ್ಟರ್‌ಗೆ ಫೋನ್ ಮಾಡುವುದು ಅದಾದ ಮೇಲೆ. ನನಗೆ ಬೇಜಾರಾಗಿದ್ದು ಯಾಕೆ ಅಂದರೆ, ವಾರ್ಡ್‌ನಲ್ಲಿ ನಾನು ನಿಜವಾಗಿ ಮಾಡುತ್ತಿದ್ದುದು ಇದನ್ನೇ. ರಕ್ತ ನಿಲ್ಲಿಸಲು ಕೈ ತಾನಾಗಿ ರೆಗ್ಯುಲೇಟರ್‌ಗೆ ಹೋಗುತ್ತಿತ್ತು. ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ‘ಡಾಕ್ಟರ್‌ನ ಕೇಳದೆ ಏನೂ ಮಾಡಬೇಡಿ ಸಿಸ್ಟರ್’ ಎಂದು ವರ್ಷಗಟ್ಟಲೆ ಕೇಳಿಸಿಕೊಂಡ ಮಾತು ನನ್ನ ಬದಲು ಉತ್ತರ ಕೊಟ್ಟಿತು.

ಎನ್‌ಕ್ಲೆಕ್ಸ್‌ನಲ್ಲಿ ನಮ್ಮವರು ಜಾಸ್ತಿ ಎಡವುವುದು ಇಲ್ಲೇ. ವಿಷಯ ಗೊತ್ತಿರುತ್ತದೆ. ಆದರೆ ಈ ಪರೀಕ್ಷೆ ಕೇಳುವುದು ‘ನಿಮಗೆ ಏನು ಗೊತ್ತು’ ಎಂದಲ್ಲ, ‘ಈಗ, ಈ ರೋಗಿಯ ಪಕ್ಕ ನಿಂತಿರುವ ನೀವು, ಏನು ಮಾಡುತ್ತೀರಿ’ ಎಂದು. ನಾನು ಮೊದಲ ಸಲ ಫೇಲಾಗಿ ಎರಡನೇ ಸಲ ಪಾಸಾದೆ. ಆ ಎರಡರ ನಡುವೆ ಕಲಿತದ್ದನ್ನು, ಆಮೇಲೆ ನಮ್ಮ ಜೂನಿಯರ್‌ಗಳ ಜೊತೆ ಕೂತು ಓದಿಸುವಾಗ ಗಮನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಇದೇ ಪರೀಕ್ಷೆ ನಿಮಗೆ ಬೇಕಾ?

ಗಲ್ಫ್‌ಗೆ ಹೋಗುವವರಿಗೆ ಬೇರೆ ಪರೀಕ್ಷೆ ಇದೆ. ನಾವೆಲ್ಲ ಸುಮ್ನೆ ‘ಪ್ರೊಮೆಟ್ರಿಕ್’ ಅಂತೀವಿ. ಇಂಗ್ಲೆಂಡ್‌ಗೆ ಸಿಬಿಟಿ ಎಂಬ ಕಂಪ್ಯೂಟರ್ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ. ಎನ್‌ಕ್ಲೆಕ್ಸ್ ಆರ್‌ಎನ್ ಅಮೆರಿಕದ್ದು, ಆರ್‌ಎನ್ ಅಂದರೆ ರಿಜಿಸ್ಟರ್ಡ್ ನರ್ಸ್. 2015ರಿಂದ ಕೆನಡಾದ ಬಹುತೇಕ ಕಡೆಯೂ ಇದೇ ಪರೀಕ್ಷೆ. 2020ರಿಂದ ಆಸ್ಟ್ರೇಲಿಯಾ ಕೂಡ ಹೊರದೇಶದಲ್ಲಿ ಓದಿದ ಎಷ್ಟೋ ನರ್ಸ್‌ಗಳಿಗೆ ಇದನ್ನೇ ಇಟ್ಟಿದೆ.

ಏಜೆಂಟರು ಹೇಳದ ಒಂದು ಮಾತು ಹೇಳಿಬಿಡುತ್ತೇನೆ. ಪಾಸಾದ ತಕ್ಷಣ ಅಮೆರಿಕದ ವಿಮಾನ ಹತ್ತುವುದಿಲ್ಲ. ನರ್ಸ್‌ಗಳು ಸಾಮಾನ್ಯವಾಗಿ ಹೋಗುವ ಇಬಿ-3 ವೀಸಾದಲ್ಲಿ ಭಾರತದಲ್ಲಿ ಹುಟ್ಟಿದವರ ಸಾಲು ತುಂಬಾ ಉದ್ದ. 2025ರಲ್ಲಿ ಅಲ್ಲಿ ನಡೆಯುತ್ತಿದ್ದುದು 2013ರ ಸುಮಾರಿಗೆ ಅರ್ಜಿ ಹಾಕಿದವರ ಸರದಿ. ಅದಕ್ಕೇ ಎಷ್ಟೋ ಜನ ಎನ್‌ಕ್ಲೆಕ್ಸ್ ಪಾಸ್ ಮಾಡಿಕೊಂಡು ಆಸ್ಟ್ರೇಲಿಯಾ, ಕೆನಡಾ ಕಡೆ ನೋಡುತ್ತಾರೆ. ಸಾಲ ಮಾಡುವ ಮೊದಲು, ಮನೆಯವರಿಗೆ ‘ಮುಂದಿನ ವರ್ಷ ಹೋಗ್ತೀನಿ’ ಎಂದು ಹೇಳುವ ಮೊದಲು ಇದು ಗೊತ್ತಿರಲಿ.

ಎರಡನೆಯದು: ಹೆಸರು ಸರಿ ಮಾಡಿಕೊಳ್ಳಿ

ಓದು ಶುರು ಮಾಡುವ ಮುಂಚೆಯೇ ಮಾಡಬೇಕಾದ ಕೆಲಸ ಇದು. ನಮ್ಮ ಕಡೆ ಸರ್‌ನೇಮ್ ಇಲ್ಲ, ಇನಿಷಿಯಲ್ ಇದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ‘ಬಿ.ಎಸ್.’ ಮೊದಲು ಬಂದು ಆಮೇಲೆ ಹೆಸರು. ನರ್ಸಿಂಗ್ ಸರ್ಟಿಫಿಕೇಟ್‌ನಲ್ಲಿ ಹೆಸರು ಮೊದಲು, ಇನಿಷಿಯಲ್ ಕೊನೆಗೆ. ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರುತ್ತಾರೆ, ಇಲ್ಲವೇ ಸರ್‌ನೇಮ್ ಜಾಗ ಖಾಲಿ ಬಿಟ್ಟಿರುತ್ತಾರೆ. ಮದುವೆ ಆಗಿದ್ದರೆ ಆಧಾರ್‌ನಲ್ಲಿ ಗಂಡನ ಹೆಸರು. ನಮಗೆ ಇವೆಲ್ಲ ಒಬ್ಬಳೇ. ಅಮೆರಿಕದ ಆಫೀಸಿನ ಗುಮಾಸ್ತರಿಗೆ ನಾಲ್ಕು ಜನ.

ಪರೀಕ್ಷೆಯ ದಿನ ನಿಮ್ಮ ಗುರುತಿಗೆ ತೋರಿಸುವುದು ಪಾಸ್‌ಪೋರ್ಟ್. ನೋಂದಣಿಯಲ್ಲಿ ಕೊಟ್ಟ ಹೆಸರು ಮತ್ತು ಪಾಸ್‌ಪೋರ್ಟ್‌ನ ಹೆಸರು ಒಂದೇ ಇರಬೇಕು. ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ದುಡ್ಡೂ ಹೋಗುತ್ತದೆ. ಆದ್ದರಿಂದ ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ. ಸರ್‌ನೇಮ್ ಜಾಗ ಖಾಲಿ ಇದ್ದರೆ ಮರುವಿತರಣೆಗೆ ಅರ್ಜಿ ಹಾಕಿ ತುಂಬಿಸಿಕೊಳ್ಳಿ. ಆಮೇಲೆ ಎಲ್ಲ ಅರ್ಜಿಯಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆ, ಒಂದು ಅಕ್ಷರವೂ ಬದಲಾಗದಂತೆ ಬರೆಯಿರಿ. ಹಳೆಯ ಸರ್ಟಿಫಿಕೇಟ್‌ಗಳಲ್ಲಿ ಹೆಸರು ಬೇರೆ ರೀತಿ ಇದ್ದರೆ, ಎರಡೂ ಒಬ್ಬರದೇ ಎಂದು ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ.

ಮೂರನೆಯದು: ಕಾಗದ ಪತ್ರ

ಇದು ತಿಂಗಳುಗಟ್ಟಲೆ ಎಳೆಯುತ್ತದೆ. ಓದಿನ ಜೊತೆಜೊತೆಗೇ ನಡೆಯಲಿ.

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ನರ್ಸಿಂಗ್ ಬೋರ್ಡ್. ನೀವು ಒಂದು ರಾಜ್ಯ ಆರಿಸಿಕೊಂಡು ಅಲ್ಲಿಗೆ ಅರ್ಜಿ ಹಾಕಬೇಕು. ಕೆಲವು ಬೋರ್ಡ್‌ಗಳು ಅಲ್ಲಿನ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದೆ ಅರ್ಜಿ ತೆಗೆದುಕೊಳ್ಳುವುದಿಲ್ಲ. ನ್ಯೂಯಾರ್ಕ್ ತೆಗೆದುಕೊಳ್ಳುತ್ತದೆ. ನಮ್ಮವರು ಅದನ್ನೇ ಜಾಸ್ತಿ ಆರಿಸಿಕೊಳ್ಳಲು ಇದೂ ಒಂದು ಕಾರಣ.

ನಿಮ್ಮ ಓದು ಅಲ್ಲಿನ ಲೆಕ್ಕಕ್ಕೆ ಹೊಂದುತ್ತದೆಯೇ ಎಂದು ಪರಿಶೀಲಿಸುವ ಸಂಸ್ಥೆಗಳಿವೆ. ಹಳಬರಿಗೆ ಸಿಜಿಎಫ್‌ಎನ್‌ಎಸ್ ಎಂದು ಗೊತ್ತಿರುವ ಸಂಸ್ಥೆ 2025ರಲ್ಲಿ ಟ್ರೂಮೆರಿಟ್ ಎಂದು ಹೆಸರು ಬದಲಿಸಿಕೊಂಡಿದೆ. ಅವರಿಗೆ ಎರಡು ಕಡೆಯಿಂದ ಕಾಗದ ಹೋಗಬೇಕು. ನಿಮ್ಮ ಓದಿನ ಟ್ರಾನ್ಸ್‌ಕ್ರಿಪ್ಟ್ ಕಾಲೇಜು ಅಥವಾ ವಿಶ್ವವಿದ್ಯಾಲಯದಿಂದ. ನೋಂದಣಿಯ ದೃಢೀಕರಣ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಿಂದ. ಬೇರೆ ರಾಜ್ಯದಲ್ಲಿ ನೋಂದಾಯಿಸಿಕೊಂಡಿದ್ದರೆ ಅಲ್ಲಿನ ಕೌನ್ಸಿಲ್‌ನಿಂದ. ಎರಡನ್ನೂ ಅವರೇ ನೇರವಾಗಿ ಕಳಿಸಬೇಕು. ನಿಮ್ಮ ಕೈಗೆ ಬಂದ ಕವರ್ ಒಡೆದು, ಸ್ಕ್ಯಾನ್ ಮಾಡಿ ನೀವೇ ಕಳಿಸಿದರೆ ಲೆಕ್ಕಕ್ಕಿಲ್ಲ.

ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಅಂಕ ಅಷ್ಟೇ ಅಲ್ಲ, ಗಂಟೆಗಳು ಬೇಕು. ಮೆಡಿಕಲ್ ಸರ್ಜಿಕಲ್, ತಾಯಿ ಆರೈಕೆ, ಮಕ್ಕಳ ಆರೈಕೆ, ಮಾನಸಿಕ ಆರೋಗ್ಯ. ಈ ನಾಲ್ಕರಲ್ಲೂ ಥಿಯರಿ ಎಷ್ಟು ಗಂಟೆ, ಕ್ಲಿನಿಕಲ್ ಎಷ್ಟು ಗಂಟೆ ಎಂದು ಬೇರೆಬೇರೆ ಇರಬೇಕು. ಕಾಲೇಜಿನವರು ಎರಡನ್ನೂ ಸೇರಿಸಿ ಒಂದೇ ಮೊತ್ತ ಬರೆದುಬಿಟ್ಟರೆ ವಾಪಸ್ ಬರುತ್ತದೆ. ಸೀಲ್ ಹಾಕುವ ಮೊದಲು ಆಫೀಸಿನಲ್ಲಿ ನಿಂತು ಒಮ್ಮೆ ಓದಿ. ನನ್ನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಮಕ್ಕಳ ವಾರ್ಡಿನ ಗಂಟೆಗಳು ಬಿಟ್ಟುಹೋಗಿದ್ದವು. ನಾನು ನೋಡಿಕೊಳ್ಳಲಿಲ್ಲ. ಅದೊಂದಕ್ಕೇ ಎರಡು ತಿಂಗಳು ಹೋಯಿತು.

ಬಿಎಸ್ಸಿ ಮಾಡಿದವರಿಗೆ ಕಾಲೇಜಿನ ಜೊತೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಲಸವೂ ಇರುತ್ತದೆ. ಅದು ಜಯನಗರ ನಾಲ್ಕನೇ ಟಿ ಬ್ಲಾಕ್‌ನಲ್ಲಿದೆ. ನೈಟ್ ಡ್ಯೂಟಿ ಮುಗಿಸಿ ಬೆಳಗ್ಗೆ ನೇರವಾಗಿ ಹೋಗಿಬಿಡೋಣ ಅಂದುಕೊಳ್ಳುತ್ತೇವೆ. ನಿದ್ದೆಗಣ್ಣಿನಲ್ಲಿ ಅರ್ಜಿ ತುಂಬಿ ತಪ್ಪು ಮಾಡುವುದಕ್ಕಿಂತ ಒಂದು ವೀಕ್ಲಿ ಆಫ್ ಅದಕ್ಕೇ ಇಡಿ.

ಬೋರ್ಡ್‌ಗೆ ಅರ್ಜಿ ಹಾಕುವಾಗಲೇ, ಪರೀಕ್ಷಾ ಕೇಂದ್ರಗಳನ್ನು ನಡೆಸುವ ಪಿಯರ್ಸನ್ ವ್ಯೂ ಕಂಪನಿಯಲ್ಲಿ ಪರೀಕ್ಷೆಗೆ ನೋಂದಣಿ ಮಾಡಬೇಕು. ಶುಲ್ಕ 200 ಡಾಲರ್. ಅಮೆರಿಕದ ಹೊರಗೆ ಬರೆಯುವುದಕ್ಕೆ ಇನ್ನೂ 150 ಡಾಲರ್, ಅದರ ಮೇಲೆ ತೆರಿಗೆ. ಬೋರ್ಡ್‌ನವರು ನಿಮ್ಮನ್ನು ಅರ್ಹರು ಎಂದ ಮೇಲೆ ಎಟಿಟಿ ಬರುತ್ತದೆ, ಅಂದರೆ ಪರೀಕ್ಷೆ ಬರೆಯಲು ಒಪ್ಪಿಗೆ ಪತ್ರ. ಅದು ಸಾಮಾನ್ಯವಾಗಿ 90 ದಿನ ಚಾಲ್ತಿಯಲ್ಲಿರುತ್ತದೆ, ಮುಂದೂಡುವ ಹಾಗಿಲ್ಲ. ಎಟಿಟಿ ಬಂದ ದಿನವೇ ದಿನಾಂಕ ಬುಕ್ ಮಾಡಿ. ಪರೀಕ್ಷಾ ಕೇಂದ್ರ ಬೆಂಗಳೂರಿನಲ್ಲೇ ಇದೆ. ತಡ ಮಾಡಿದರೆ ಇಲ್ಲಿ ಜಾಗ ಸಿಗದೆ ಬೇರೆ ಊರಿಗೆ ಓಡಬೇಕಾಗಬಹುದು.

ದುಡ್ಡು ಕೊಟ್ಟರೆ ಪರೀಕ್ಷೆ ಇಲ್ಲದೆ ಲೈಸೆನ್ಸ್ ಕೊಡಿಸುತ್ತೇವೆ, ಕ್ಲಿನಿಕಲ್ ಗಂಟೆ ತುಂಬಿಸಿ ಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. 2023ರ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಡಿಪ್ಲೊಮಾ ಮಾರಿದ್ದ ಜಾಲ ಸಿಕ್ಕಿಬಿತ್ತು. ಕೊಂಡವರಲ್ಲಿ ಎಷ್ಟೋ ಜನ ಲೈಸೆನ್ಸ್ ಕಳೆದುಕೊಂಡರು. ಕೆಲಸ ಕೊಡಿಸುವ ಏಜೆಂಟ್ ಬಂದರೆ ಕೇಂದ್ರ ಸರ್ಕಾರದ ಇಮೈಗ್ರೇಟ್ ಜಾಲತಾಣದಲ್ಲಿ ಅವರ ನೋಂದಣಿ ಇದೆಯೇ ನೋಡಿ. ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ, ಅಷ್ಟೇ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ನಾಲ್ಕನೆಯದು: ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳಿ

2023ರ ಏಪ್ರಿಲ್‌ನಿಂದ ಹೊಸ ಮಾದರಿಯ ಎನ್‌ಕ್ಲೆಕ್ಸ್ ಬಂದಿದೆ. ಕಡಿಮೆ ಎಂದರೆ 85 ಪ್ರಶ್ನೆ, ಜಾಸ್ತಿ ಎಂದರೆ 150. ಐದು ಗಂಟೆ ಸಮಯ, ನಡುವೆ ತೆಗೆದುಕೊಳ್ಳುವ ಬ್ರೇಕ್ ಕೂಡ ಅದರಲ್ಲೇ. 15 ಪ್ರಶ್ನೆಗಳಿಗೆ ಅಂಕವೇ ಇಲ್ಲ, ಮುಂದಿನ ಪರೀಕ್ಷೆಗಳಿಗಾಗಿ ಪ್ರಯೋಗ ಮಾಡುವ ಪ್ರಶ್ನೆಗಳು ಅವು. ಯಾವುವು ಎಂದು ನಿಮಗೆ ಗೊತ್ತಾಗುವುದಿಲ್ಲ.

ಕಂಪ್ಯೂಟರ್ ನಿಮ್ಮ ಉತ್ತರ ನೋಡಿ ಮುಂದಿನ ಪ್ರಶ್ನೆ ಆರಿಸುತ್ತದೆ. ಸರಿ ಹೇಳಿದರೆ ಇನ್ನೂ ಕಷ್ಟದ್ದು, ತಪ್ಪಿದರೆ ಸ್ವಲ್ಪ ಸುಲಭದ್ದು. ಹಾಗಾಗಿ ಚೆನ್ನಾಗಿ ಬರೆಯುತ್ತಿರುವವರಿಗೂ ಅರ್ಧಕ್ಕರ್ಧ ತಪ್ಪಾಗುತ್ತಿದೆ ಅನ್ನಿಸುತ್ತದೆ. ಯೂನಿವರ್ಸಿಟಿ ಪರೀಕ್ಷೆಯಲ್ಲಿ ಹಾಗೆ ಅನ್ನಿಸಿದರೆ ಫೇಲ್ ಎಂದೇ ಅರ್ಥ, ಅಲ್ವಾ? ಇಲ್ಲಿ ಹಾಗಲ್ಲ. ನೀವು ಪಾಸ್ ಮಟ್ಟಕ್ಕಿಂತ ಮೇಲಿದ್ದೀರಿ ಅಥವಾ ಕೆಳಗಿದ್ದೀರಿ ಎಂದು 95 ಶೇಕಡಾ ಖಾತ್ರಿ ಆದಾಗ ಕಂಪ್ಯೂಟರ್ ನಿಲ್ಲಿಸುತ್ತದೆ. 85ಕ್ಕೆ ನಿಂತರೂ ಪಾಸ್ ಇರಬಹುದು, ಫೇಲ್ ಇರಬಹುದು. 150ರವರೆಗೆ ಹೋದರೂ ಅಷ್ಟೇ. ಮೊದಲ ಸಲ ನನಗೆ 86ನೇ ಪ್ರಶ್ನೆ ಬಂದಾಗ ಕೈಕಾಲು ತಣ್ಣಗಾಯಿತು. ಎಲ್ಲ ಮುಗಿಯಿತು ಎಂದುಕೊಂಡು ಅಲ್ಲಿಂದ ಮುಂದೆ ಪ್ರಶ್ನೆಯನ್ನು ಪೂರ್ತಿ ಓದದೆ ಒತ್ತುತ್ತಾ ಹೋದೆ. 86 ಬಂತು ಅಂದರೆ ನೀವಿನ್ನೂ ಆಟದಲ್ಲಿದ್ದೀರಿ ಎಂದರ್ಥ. ಇದನ್ನು ಈಗಲೇ ಮನಸ್ಸಿಗೆ ಹೇಳಿಟ್ಟುಕೊಳ್ಳಿ.

ಹಿಂದಿನ ಪ್ರಶ್ನೆಗೆ ವಾಪಸ್ ಹೋಗುವಂತಿಲ್ಲ. ಉತ್ತರ ಕೊಡದೆ ಮುಂದೆ ಹೋಗುವಂತೆಯೂ ಇಲ್ಲ.

‘ಅನ್ವಯಿಸುವ ಎಲ್ಲವನ್ನೂ ಆರಿಸಿ’ ಎನ್ನುವ ಪ್ರಶ್ನೆಗೆ ಈಗ ಭಾಗಶಃ ಅಂಕ ಉಂಟು. ಸರಿಯಾದ ಒಂದೊಂದಕ್ಕೂ ಒಂದು ಅಂಕ ಸಿಗುತ್ತದೆ, ತಪ್ಪು ಒತ್ತಿದ ಒಂದೊಂದಕ್ಕೂ ಒಂದು ಹೋಗುತ್ತದೆ, ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ‘ಇದೂ ಇರಲಿ’ ಎಂದು ಸುಮ್ನೆ ಒತ್ತಬೇಡಿ. ಖಾತ್ರಿ ಇರುವ ಮೂರು ಒತ್ತಿ ಬಿಡುವುದು, ಅನುಮಾನದ ಎರಡನ್ನು ಸೇರಿಸುವುದಕ್ಕಿಂತ ವಾಸಿ.

ಐದನೆಯದು: ನಮ್ಮ ವಾರ್ಡ್ ಬೇರೆ, ಅವರ ವಾರ್ಡ್ ಬೇರೆ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮವರ ಅಂಕ ಜಾಸ್ತಿ ಸೋರಿಹೋಗುವುದು ಈ ಜಾಗದಲ್ಲಿ.

ಆಪರೇಷನ್‌ಗೆ ಹೋಗುವ ಮೊದಲು ಅಮ್ಮ ಒಬ್ಬರು ಅಳುತ್ತಿದ್ದಾರೆ. ನಾವೇನು ಹೇಳುತ್ತೇವೆ? ‘ಏನೂ ಆಗಲ್ಲಮ್ಮ, ದೇವರಿದ್ದಾನೆ, ಧೈರ್ಯವಾಗಿರಿ.’ ಪ್ರೀತಿಯಿಂದಲೇ ಹೇಳುತ್ತೇವೆ. ಎನ್‌ಕ್ಲೆಕ್ಸ್‌ನಲ್ಲಿ ಇದು ತಪ್ಪು ಉತ್ತರ. ಏನೂ ಆಗುವುದಿಲ್ಲ ಎಂದು ನಿಮಗೆ ಗೊತ್ತಿಲ್ಲ, ಆದ್ದರಿಂದ ಅದು ಸುಳ್ಳು ಭರವಸೆ. ಸರಿಯುತ್ತರ ‘ನಿಮಗೆ ಯಾವುದರ ಬಗ್ಗೆ ಹೆದರಿಕೆ ಆಗ್ತಿದೆ, ಹೇಳಿ’ ಎನ್ನುವ ಧಾಟಿಯಲ್ಲಿರುತ್ತದೆ. ಅವರ ಮಾತು ಮುಂದುವರಿಯಬೇಕು, ನಿಮ್ಮ ಸಮಾಧಾನದಿಂದ ನಿಲ್ಲಬಾರದು. ‘ಯಾಕೆ ಹಾಗೆ ಮಾಡಿದ್ರಿ’ ಎಂದು ಶುರುವಾಗುವ ಆಯ್ಕೆಯೂ ಸಾಮಾನ್ಯವಾಗಿ ತಪ್ಪು, ಬೈದ ಹಾಗೆ ಕೇಳುತ್ತದೆ.

ಮಗ ಕಾರಿಡಾರಿನಲ್ಲಿ ಹಿಡಿದು ‘ಸಿಸ್ಟರ್, ಅಪ್ಪನ ರಿಪೋರ್ಟ್ ಏನು ಬಂತು, ಅವರಿಗೆ ಹೇಳಬೇಡಿ’ ಅನ್ನುತ್ತಾನೆ. ಇಲ್ಲಿ ಇದು ದಿನನಿತ್ಯದ ಮಾತು. ಅಲ್ಲಿನ ಕಾನೂನಿನಲ್ಲಿ ರಿಪೋರ್ಟ್ ಅಪ್ಪನದು. ಅವರ ಒಪ್ಪಿಗೆ ಇಲ್ಲದೆ ಮಗನಿಗೂ ಹೇಳುವಂತಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗಲೂ ಅಷ್ಟೇ. ಆಪರೇಷನ್ ಬಗ್ಗೆ ವಿವರಿಸುವುದು ಸರ್ಜನ್ ಕೆಲಸ. ನರ್ಸ್ ನೋಡುವುದು ರೋಗಿಗೆ ಅರ್ಥವಾಗಿದೆಯೇ, ಅವರೇ ಸಹಿ ಮಾಡುತ್ತಿದ್ದಾರೆಯೇ ಎಂದು. ರೋಗಿ ‘ನನಗೆ ಏನು ಮಾಡ್ತಾರೆ ಅಂತಾನೇ ಗೊತ್ತಿಲ್ಲ’ ಎಂದರೆ ನೀವು ವಿವರಿಸಲು ಹೋಗಬೇಡಿ. ಅಲ್ಲಿ ಸರ್ಜನ್‌ನ ಕರೆಯುವುದೇ ಸರಿಯುತ್ತರ.

ಹಾಗಾದರೆ ಡಾಕ್ಟರ್‌ನ ಯಾವಾಗ ಕರೆಯಬೇಕು? ಒಂದು ಪ್ರಶ್ನೆ ಕೇಳಿಕೊಳ್ಳಿ. ‘ಫೋನ್ ಎತ್ತುವ ಮೊದಲು ನಾನು ಮಾಡಬಹುದಾದ, ಮಾಡಲೇಬೇಕಾದ ಕೆಲಸ ಏನಾದರೂ ಇದೆಯಾ?’ ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ ತಲೆಭಾಗ ಎತ್ತುವುದು ಇದೆ. ರಕ್ತ ನಿಲ್ಲಿಸುವುದು ಇದೆ. ಹೊಟ್ಟೆಯ ಹೊಲಿಗೆ ಬಿಚ್ಚಿ ಕರುಳು ಹೊರಬಂದಿದ್ದರೆ ಸಲೈನ್‌ನಲ್ಲಿ ನೆನೆಸಿದ ಸ್ಟೆರೈಲ್ ಬಟ್ಟೆ ಮುಚ್ಚುವುದು ಇದೆ. ಇಂಥದ್ದು ಇದ್ದರೆ ಅದು ಮೊದಲು. ಮಾಡುವುದೆಲ್ಲ ಆಗಿದೆ ಎಂದು ಪ್ರಶ್ನೆಯಲ್ಲೇ ಕೊಟ್ಟಿದ್ದರೆ ಆಗ ಫೋನ್.

ಇನ್ನು ಕೆಲಸ ಹಂಚುವುದು. ನಮ್ಮಲ್ಲಿ ಸ್ಟಾಫ್ ನರ್ಸ್, ಸ್ಟೂಡೆಂಟ್, ಆಯಾ, ವಾರ್ಡ್ ಬಾಯ್. ಅಲ್ಲಿ ಆರ್‌ಎನ್, ಅವರ ಕೆಳಗೆ ಎಲ್‌ಪಿಎನ್ ಎಂಬ, ಕಡಿಮೆ ಅವಧಿ ಓದಿ ಲೈಸೆನ್ಸ್ ಪಡೆದ ನರ್ಸ್, ಅವರ ಕೆಳಗೆ ನರ್ಸಿಂಗ್ ಸಹಾಯಕರು. ರೋಗಿಯ ಮೊದಲ ತಪಾಸಣೆ, ರೋಗಿಗೆ ಕಲಿಸುವುದು, ಫಲ ಸಿಕ್ಕಿತೇ ಎಂದು ನೋಡುವುದು, ಸ್ಥಿತಿ ಏರುಪೇರಾಗುತ್ತಿರುವ ರೋಗಿ, ಇವು ಆರ್‌ಎನ್ ಕೈಬಿಡಬಾರದ ಕೆಲಸ. ಸ್ಥಿರವಾಗಿರುವ ರೋಗಿಗೆ ಬಾಯಿಯಿಂದ ಮಾತ್ರೆ ಕೊಡುವುದನ್ನು ಎಲ್‌ಪಿಎನ್‌ಗೆ ಕೊಡಬಹುದು. ಸ್ನಾನ, ಓಡಾಡಿಸುವುದು, ಸ್ಥಿರ ರೋಗಿಯ ಬಿಪಿ ನೋಡುವುದು, ಇಂಟೇಕ್ ಔಟ್‌ಪುಟ್ ಬರೆಯುವುದು ಸಹಾಯಕರಿಗೆ. ನಿರ್ವಹಣೆ ಮತ್ತು ಕೆಲಸ ಹಂಚುವ ಈ ಭಾಗವೇ ಪರೀಕ್ಷೆಯಲ್ಲಿ 15ರಿಂದ 21 ಶೇಕಡಾ. ಎಲ್ಲಕ್ಕಿಂತ ದೊಡ್ಡ ಭಾಗ. ನಮ್ಮ ಕಾಲೇಜಿನಲ್ಲಿ ಇದಕ್ಕೆ ಕೊಟ್ಟ ಸಮಯ ಎಷ್ಟು ಎಂದು ನೆನಪಿಸಿಕೊಂಡರೆ ನಾನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದು ಗೊತ್ತಾಗುತ್ತದೆ.

ಔಷಧಿಗಳ ಹೆಸರೂ ಬೇರೆ. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸೆಟಮಿನೊಫೆನ್. ಸಾಲ್ಬುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್. ಅಡ್ರಿನಲಿನ್ ಎಪಿನೆಫ್ರಿನ್. ಪೆಥಿಡಿನ್ ಮೆಪೆರಿಡಿನ್. ತೂಕ ಪೌಂಡ್‌ನಲ್ಲಿ ಕೊಡಬಹುದು, 2.2ರಿಂದ ಭಾಗಿಸಿದರೆ ಕೆಜಿ. 154 ಪೌಂಡ್ ಅಂದರೆ 70 ಕೆಜಿ.

ಆರನೆಯದು: ಓದುವುದು

ಡ್ಯೂಟಿ ಮಾಡುತ್ತಾ ಓದುವವರಿಗೆ ನಾಲ್ಕು ತಿಂಗಳು ಬೇಕು ಎನ್ನುವುದು ನನ್ನ ಲೆಕ್ಕ. ಮೊದಲ ಸಲ ನಾನು ದಪ್ಪ ಪುಸ್ತಕ ಇಟ್ಟುಕೊಂಡು ಮೂರು ನೋಟ್‌ಬುಕ್ ತುಂಬಾ ನೋಟ್ಸ್ ಬರೆದೆ. ಅಕ್ಷರ ಚೆನ್ನಾಗಿತ್ತು, ಬಣ್ಣ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದಿದ್ದೆ. ಪ್ರಶ್ನೆ ಮಾಡಿದ್ದು ಮಾತ್ರ ಕಡಿಮೆ. ಎರಡನೇ ಸಲ ಅದನ್ನು ತಿರುಗಿಸಿದೆ. ಮೊದಲು ಪ್ರಶ್ನೆ, ತಪ್ಪಾದ ಮೇಲೆ ಪುಸ್ತಕ.

ಯುವರ್ಲ್ಡ್, ಆರ್ಚರ್ ಥರದ ಪ್ರಶ್ನೆ ಬ್ಯಾಂಕ್ ಒಂದನ್ನು ಕೊಳ್ಳಿ. ಒಂದೇ ಸಾಕು. ಮೂರು ಕೊಂಡು ಮೂರನ್ನೂ ಅರ್ಧ ಮಾಡುವುದರಿಂದ ಪ್ರಯೋಜನ ಇಲ್ಲ. ಮೊದಲ ತಿಂಗಳು ದಿನಕ್ಕೆ 25 ಪ್ರಶ್ನೆ, ಆಮೇಲೆ 50, ಕೊನೆಯ ತಿಂಗಳು 75ರಿಂದ 85 ಒಂದೇ ಏಟಿಗೆ. ಆ ದಿನದ ಪ್ರಶ್ನೆಗಳಿಗೆಲ್ಲ ಸೇರಿ ಒಂದು ಗಂಟೆ ಹಿಡಿದರೆ ವಿವರಣೆ ಓದಲು ಎರಡು ಗಂಟೆ ಕೊಡಿ. ಸರಿ ಬಂದ ಪ್ರಶ್ನೆಯ ವಿವರಣೆಯನ್ನೂ ಓದಿ. ಅದೃಷ್ಟದಿಂದ ಸರಿ ಬಂದದ್ದು ಎಷ್ಟು ಎಂದು ಆಗ ತಿಳಿಯುತ್ತದೆ. ಪರೀಕ್ಷೆ ನಡೆಸುವ ಸಂಸ್ಥೆಯೇ ತನ್ನ ಜಾಲತಾಣದಲ್ಲಿ ಮಾದರಿ ಪ್ರಶ್ನೆಗಳನ್ನು ಉಚಿತವಾಗಿ ಇಟ್ಟಿದೆ, ಪರದೆ ಹೇಗಿರುತ್ತದೆ ಎಂದು ಅಭ್ಯಾಸವಾಗಲು ಅದನ್ನು ಮಾಡಲೇಬೇಕು.

ತಪ್ಪಾದ ಪ್ರಶ್ನೆಗಳಿಗೆ ಒಂದು ಪುಸ್ತಕ ಇಡಿ. ಪ್ರತಿ ತಪ್ಪಿನ ಮುಂದೆ ಒಂದು ಗುರುತು ಹಾಕಿ: ಗೊತ್ತಿರಲಿಲ್ಲ, ತಪ್ಪಾಗಿ ಓದಿದೆ, ಗೊತ್ತಿದ್ದೂ ಬೇರೆ ಒತ್ತಿದೆ. ಎರಡು ವಾರ ಆದ ಮೇಲೆ ಎಣಿಸಿ. ‘ಗೊತ್ತಿರಲಿಲ್ಲ’ ಜಾಸ್ತಿ ಇದ್ದರೆ ವಿಷಯ ಓದಬೇಕು. ‘ಗೊತ್ತಿದ್ದೂ’ ಜಾಸ್ತಿ ಇದ್ದರೆ ಎಷ್ಟು ಓದಿದರೂ ಅಂಕ ಏರುವುದಿಲ್ಲ, ಮೇಲೆ ಹೇಳಿದ ವಾರ್ಡ್ ಅಭ್ಯಾಸಗಳನ್ನೇ ತಿದ್ದಿಕೊಳ್ಳಬೇಕು. ನನ್ನ ಪುಸ್ತಕದಲ್ಲಿ ಮೂರನೆಯ ಗುರುತೇ ತುಂಬಿಹೋಗಿತ್ತು.

ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಒಂದು ಮಾತು. ಪ್ರಶ್ನೆಯನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ ಉತ್ತರ ಹುಡುಕಬೇಡಿ, ಸಮಯ ಸಾಲುವುದಿಲ್ಲ, ಜೊತೆಗೆ ಸಣ್ಣ ಪದ ಜಾರಿಹೋಗುತ್ತದೆ. ಅದರ ಬದಲು ವಿವರಣೆಯನ್ನು ಕನ್ನಡದಲ್ಲಿ ಜೋರಾಗಿ ಹೇಳಿ. ಪಿಜಿಯ ರೂಮ್‌ಮೇಟ್‌ಗೆ ಹೇಳಿ, ಇಲ್ಲವೇ ಗೋಡೆಗೆ ಹೇಳಿ. ‘ಥೈರಾಯ್ಡ್ ತೆಗೆಯುವಾಗ ಪಕ್ಕದ ಪ್ಯಾರಾಥೈರಾಯ್ಡ್‌ಗೆ ಪೆಟ್ಟಾಗಬಹುದು, ಕ್ಯಾಲ್ಸಿಯಂ ಇಳಿಯುತ್ತೆ, ತುಟಿ ಬೆರಳು ಜುಮ್ ಅನ್ನುತ್ತೆ, ಗಂಟಲು ಬಿಗಿಯುತ್ತೆ’ ಎಂದು ನಿಮ್ಮ ಮಾತಿನಲ್ಲಿ ಬಂದರೆ ಅದು ಮರೆಯುವುದಿಲ್ಲ. ಪ್ರಶ್ನೆ ಇಂಗ್ಲಿಷ್‌ನಲ್ಲಿ, ಕಾರಣ ಕನ್ನಡದಲ್ಲಿ. ಆದರೆ ‘ಇನ್ನೂ ಕಲಿಸಬೇಕಾದ ಅಗತ್ಯವಿದೆ ಎಂದು ತೋರಿಸುವ ಮಾತು ಯಾವುದು’ ಎನ್ನುವ ಪ್ರಶ್ನೆಗಳಲ್ಲಿ ಹುಷಾರು. ಅಲ್ಲಿ ಹುಡುಕಬೇಕಾದ್ದು ರೋಗಿಯ ತಪ್ಪು ಮಾತು. ಸರಿಯಾದ ಮಾತು ಕಂಡ ಕೂಡಲೇ ಖುಷಿಯಿಂದ ಒತ್ತಿಬಿಡುತ್ತೇವೆ.

ಯಾವ ರೋಗಿಯನ್ನು ಮೊದಲು ನೋಡಬೇಕು ಎನ್ನುವ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ನಾಲ್ವರು ಇದ್ದಾರೆ ಅಂದುಕೊಳ್ಳಿ. ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರ ಆಕ್ಸಿಜನ್ 90. ಇನ್ನೊಬ್ಬರಿಗೆ ಆಪರೇಷನ್ ಆಗಿ ಎರಡನೇ ದಿನ, ನೋವು ಹತ್ತಕ್ಕೆ ಏಳು. ಮೂರನೆಯವರ ಶುಗರ್ 210. ನಿನ್ನೆ ಥೈರಾಯ್ಡ್ ತೆಗೆಸಿಕೊಂಡವರು, ತುಟಿಯ ಸುತ್ತ ಜುಮ್ ಅನ್ನುತ್ತಿದೆ ಅನ್ನುತ್ತಾರೆ. ಕಣ್ಣು ಮೊದಲು ಹೋಗುವುದು 90ಕ್ಕೆ. ಸಿಒಪಿಡಿಯಲ್ಲಿ ಅದು ನಿರೀಕ್ಷಿತ. ನೋವು ಕೂಡ ನಿರೀಕ್ಷಿತ. ಜುಮ್ ಅನ್ನುವುದು ಹೊಸದು, ಮುಂದೆ ಶ್ವಾಸನಾಳ ಬಿಗಿಯಬಹುದು. ಅವರ ಹತ್ತಿರ ಮೊದಲು ಹೋಗಬೇಕು. ಆ ಕಾಯಿಲೆಯಲ್ಲಿ ಇರಬೇಕಾದ್ದು ಇದೆಯೋ, ಇರಬಾರದ್ದು ಬಂದಿದೆಯೋ ಎಂದು ಪ್ರತಿ ರೋಗಿಗೂ ಕೇಳಿಕೊಳ್ಳಿ.

ಹೊಸ ಮಾದರಿಯಲ್ಲಿ ಒಬ್ಬ ರೋಗಿಯ ಕೇಸ್‌ಶೀಟ್ ಕೊಟ್ಟು ಆರು ಪ್ರಶ್ನೆ ಕೇಳುತ್ತಾರೆ. ಇಂಥ ಮೂರು ಕೇಸ್ ಎಲ್ಲರಿಗೂ ಬರುತ್ತವೆ. ಹೆದರಬೇಡಿ, ಇದು ನಾವು ಹ್ಯಾಂಡೋವರ್ ತೆಗೆದುಕೊಳ್ಳುವ ರೀತಿಯೇ. 72 ವರ್ಷದ ಅಜ್ಜಿ, ಉರಿಮೂತ್ರ ಎಂದು ಬಂದವರು. ಜ್ವರ 102, ಬಿಪಿ 86/50, ನಾಡಿ 118, ಬೆಳಗ್ಗೆಯಿಂದ ಮಗಳ ಗುರುತು ಹಿಡಿಯುತ್ತಿಲ್ಲ. ಮೊದಲ ಪ್ರಶ್ನೆ: ಇದರಲ್ಲಿ ಗಾಬರಿಯಾಗಬೇಕಾದ್ದು ಯಾವುದು. ಎರಡನೆಯದು: ಅವನ್ನು ಜೋಡಿಸಿದರೆ ಏನು ಅನ್ನಿಸುತ್ತದೆ. ಮೂರು: ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದ್ದು ಸೋಂಕು ರಕ್ತಕ್ಕೆ ಹರಡಿರುವುದು. ನಾಲ್ಕು: ಏನೇನು ಮಾಡಬಹುದು. ಐದು: ಈಗ ಏನು ಮಾಡುತ್ತೀರಿ, ಯಾವ ಕ್ರಮದಲ್ಲಿ. ಬ್ಲಡ್ ಕಲ್ಚರ್ ತೆಗೆದು ಆಮೇಲೆ ಆಂಟಿಬಯಾಟಿಕ್, ಅದರ ಜೊತೆ ಐವಿ ಫ್ಲೂಯಿಡ್. ಆರು: ಮಾಡಿದ್ದು ಫಲ ಕೊಟ್ಟಿತೇ. ಬಿಪಿ ಏರಿತೇ, ಯೂರಿನ್ ಬಂತೇ, ಮಗಳ ಹೆಸರು ಹೇಳಿದರೇ. ಡ್ಯೂಟಿಯಲ್ಲಿ ದಿನಕ್ಕೆ ಒಬ್ಬ ರೋಗಿಯನ್ನು ಈ ಆರು ಪ್ರಶ್ನೆ ಹಾಕಿ ನೋಡಿ. ಪುಸ್ತಕ ಬೇಡ, ಸಮಯವೂ ಬೇಡ.

ನೆನಪಿಡಬೇಕಾದ ವಿಷಯಗಳನ್ನು ನಾನು ಪೋಸ್ಟಿಂಗ್ ಹೋದ ಜಾಗಗಳಿಗೆ ಕಟ್ಟಿಹಾಕಿದೆ. ನಿಮ್ಹಾನ್ಸ್ ಅಂದರೆ ಲಿಥಿಯಂ: ರಕ್ತದಲ್ಲಿ 0.6ರಿಂದ 1.2, ಉಪ್ಪು ನೀರು ಏಕಾಏಕಿ ಕಡಿಮೆ ಮಾಡಬಾರದು. ಹೆರಿಗೆ ವಾರ್ಡ್ ಅಂದರೆ ಮ್ಯಾಗ್ನೀಸಿಯಂ ಸಲ್ಫೇಟ್: ಮೊಣಕಾಲಿನ ರಿಫ್ಲೆಕ್ಸ್ ಹೋದರೆ ನಿಲ್ಲಿಸು, ಕೈಯಲ್ಲಿ ಕ್ಯಾಲ್ಸಿಯಂ ಗ್ಲುಕೊನೇಟ್ ಇರಲಿ. ಟಿಬಿ ವಾರ್ಡ್ ಅಂದರೆ ಗಾಳಿಯಲ್ಲಿ ಹರಡುವುದು: ಎನ್-95, ನೆಗೆಟಿವ್ ಪ್ರೆಷರ್ ಕೋಣೆ. ದಡಾರವೂ ಇದೇ ಗುಂಪು, ಸಿಡುಬಲ್ಲದ ಸಣ್ಣ ಅಮ್ಮ ಅಂತೀವಲ್ಲ, ಆ ಚಿಕನ್‌ಪಾಕ್ಸ್ ಕೂಡ. ಸಿ ಡಿಫ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಭೇದಿಗೆ ಹ್ಯಾಂಡ್ ರಬ್ ಸಾಲದು, ಸೋಪು ನೀರಿನಲ್ಲೇ ಕೈ ತೊಳೆಯಬೇಕು. ಐಸಿಯು ಅಂದರೆ ಪೊಟ್ಯಾಸಿಯಂ: 3.5ರಿಂದ 5, ಐವಿಯಲ್ಲಿ ಯಾವತ್ತೂ ನೇರವಾಗಿ ಪುಶ್ ಮಾಡುವಂತಿಲ್ಲ. ಹೆಪಾರಿನ್‌ಗೆ ಪ್ರತಿಮದ್ದು ಪ್ರೊಟಮಿನ್, ವಾರ್ಫರಿನ್‌ಗೆ ವಿಟಮಿನ್ ಕೆ.

ಓದುವ ಜಾಗ ಬೇಕು ಅಂದರೆ ಕಬ್ಬನ್ ಪಾರ್ಕ್‌ನ ಕೆಂಪು ಕಟ್ಟಡದ ಲೈಬ್ರರಿ ಇದೆ. ಆರು ಜನರ ಪಿಜಿ ರೂಮಿಗಿಂತ ಅಲ್ಲಿ ತಲೆಗೆ ಹತ್ತುತ್ತದೆ. ನೈಟ್ ಡ್ಯೂಟಿ ವಾರದಲ್ಲಿ ಹೊಸದು ಓದಬೇಡಿ. ಹತ್ತು ಹದಿನೈದು ಹಳೆಯ ತಪ್ಪುಗಳನ್ನು ನೋಡಿ ಮಲಗಿ.

ಏಳನೆಯದು: ಆ ದಿನ

ಹಿಂದಿನ ದಿನವೇ ಹೋಗಿ ಕೇಂದ್ರದ ಬಾಗಿಲು ನೋಡಿಕೊಂಡು ಬನ್ನಿ. ಬೆಂಗಳೂರಿನ ಟ್ರಾಫಿಕ್ ನಂಬಬೇಡಿ, ಮೆಟ್ರೊ ಇರುವ ಕಡೆ ಮೆಟ್ರೊ ಹಿಡಿಯಿರಿ. ಅರ್ಧ ಗಂಟೆ ಮೊದಲೇ ಅಲ್ಲಿರಬೇಕು. ಅಸಲಿ ಪಾಸ್‌ಪೋರ್ಟ್ ಬೇಕು, ಝೆರಾಕ್ಸ್ ನಡೆಯುವುದಿಲ್ಲ. ಫೋಟೊ, ಸಹಿ, ಅಂಗೈಯ ರಕ್ತನಾಳದ ಸ್ಕ್ಯಾನ್ ಮಾಡುತ್ತಾರೆ. ಮೊಬೈಲ್, ವಾಚ್ ಎಲ್ಲ ಚೀಲದಲ್ಲಿ ಸೀಲ್ ಮಾಡಿಡಬೇಕು. ಅಳಿಸಬಹುದಾದ ಬೋರ್ಡ್ ಒಂದು ಕೊಡುತ್ತಾರೆ, ಕ್ಯಾಲ್ಕುಲೇಟರ್ ಪರದೆಯಲ್ಲೇ ಇದೆ. ತಿಂಡಿ ತಿಂದು ಹೋಗಿ. ಐದು ಗಂಟೆ ದೊಡ್ಡದು. ಎರಡು ಗಂಟೆ ಆದಾಗ ಬ್ರೇಕ್ ಬೇಕೇ ಎಂದು ಕೇಳುತ್ತದೆ, ಬೇಕು ಎನ್ನಿ. ಮುಖ ತೊಳೆದು ಬನ್ನಿ.

ಫಲಿತಾಂಶ ಬೋರ್ಡ್‌ನಿಂದ ಬರುತ್ತದೆ, ಕೆಲವೊಮ್ಮೆ ಆರು ವಾರವೂ ಆಗಬಹುದು. ಪಾಸಾಗದಿದ್ದರೆ ಜೊತೆಗೆ ಒಂದು ವರದಿ ಬರುತ್ತದೆ. ಎಷ್ಟೋ ಜನ ನೋವಿನಲ್ಲಿ ಅದನ್ನು ತೆರೆಯುವುದೇ ಇಲ್ಲ. ನಾನೂ ಮೂರು ವಾರ ತೆರೆಯಲಿಲ್ಲ. ಅದರಲ್ಲಿ ಪ್ರತಿ ಭಾಗದ ಮುಂದೆ ನೀವು ಪಾಸ್ ಮಟ್ಟಕ್ಕಿಂತ ಮೇಲೆ, ಹತ್ತಿರ, ಕೆಳಗೆ ಎಂದು ಬರೆದಿರುತ್ತದೆ. 45 ದಿನ ಕಳೆದ ಮೇಲೆ ಮತ್ತೆ ಬರೆಯಬಹುದು, ಬೋರ್ಡ್‌ನ ನಿಯಮ ಬೇರೆ ಇದ್ದರೆ ಅದರ ಪ್ರಕಾರ. ‘ಕೆಳಗೆ’ ಎಂದು ಬಂದ ಭಾಗದಿಂದ ಶುರು ಮಾಡಿ. ‘ಹತ್ತಿರ’ ಎಂದಿರುವುದನ್ನು ಎರಡನೆಯದಾಗಿ ತೆಗೆದುಕೊಳ್ಳಿ. ‘ಮೇಲೆ’ ಇರುವುದಕ್ಕೆ ವಾರಕ್ಕೆ ಇಪ್ಪತ್ತು ಪ್ರಶ್ನೆ ಸಾಕು.